ಅಳತೆಯಿಲ್ಲದ ಶುದ್ಧಿ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಚಿಕ್ಕನರಗುಂದ)

ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅಮೃತದ ಗತಿಯೇ ಹೀಗಿರುವಾಗ, ಮೊದಲೇ ವಿಷವಾಗಿರುವ ವಸ್ತುವು ಅತಿಯಾದರೆ ಏನಾದೀತು? ಈ ಚಿಕ್ಕ ಪ್ರಶ್ನೆಯನ್ನು ಕೇಳಿಕೊಳ್ಳಲು ನನಗೆ ಹಲವು ವರ್ಷಗಳು ಬೇಕಾದವು. ಕೇಳಿಕೊಂಡ ಮೇಲೆ ಸುಮ್ಮನಿರಲಾಗದೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬ್ಲೀಚಿಂಗ್ ಪುಡಿಯ ಮೇಲೆ ಲೇಖನವೇ ಎಂದು ವಾಚಕರು ನಕ್ಕಾರು. ಕವಿತೆ, ಕಥೆ, ಹರಟೆ, ಪ್ರವಾಸವರ್ಣನೆಗಳ ನಡುವೆ ಬಚ್ಚಲಮನೆಯ ಶೀಸೆಗೆ ಏನು ಕೆಲಸ? ಅದು ವಿಜ್ಞಾನದ ವಿದ್ಯಾರ್ಥಿಗಳ ಪಾಲಿನದಲ್ಲವೆ? ಹಾಗೆಂದು ನಾನೂ ತಿಳಿದಿದ್ದೆನು. ಆದರೆ ಶೀಸೆಯೊಳಗಿನ ದ್ರವವು ರಸಾಯನಶಾಸ್ತ್ರಕ್ಕೆ ಸೇರಿದ್ದಾದರೂ ಅದನ್ನು ಎತ್ತಿ ಸುರಿಯುವ ಕೈಯು ಮನುಷ್ಯನದು. ಆ ಕೈಗೆ ಭಯವನ್ನು ಕಲಿಸಿದ್ದು ಯಾವುದು, ಯಾವ ಮಾತನ್ನು ನಂಬಿ ಅದು ಸುರಿಯಿತು, ಯಾರ ಮೇಲೆ ಸುರಿಯಿತು? ಇವೆಲ್ಲ ಭಾಷೆಯ, ಇತಿಹಾಸದ ಹಾಗೂ ನೀತಿಯ ಪ್ರಶ್ನೆಗಳು. ಆದುದರಿಂದ ನಮ್ಮವೇ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾ ಬೇನೆಯನ್ನು ಜಗತ್ತನ್ನೇ ವ್ಯಾಪಿಸಿದ ಸಾಂಕ್ರಾಮಿಕವೆಂದು ಸಾರಿತು. ಅದೇ ವಾರ ನಮ್ಮ ಕಲಬುರಗಿಯಲ್ಲಿ, ಈ ಬೇನೆಯಿಂದ ದೇಶದಲ್ಲಾದ ಮೊದಲ ಸಾವು ದಾಖಲಾಯಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಾನಾಗ ಒಂಬತ್ತನೆಯ ಇಯತ್ತೆಯ ಹುಡುಗಿ. ನಮ್ಮ ಚಿಕ್ಕನರಗುಂದವು ನರಗುಂದ ತಾಲೂಕಿನ ಎರೆನೆಲದ ಊರು. ಹೆಸರು, ಕಡಲೆ, ಹತ್ತಿ, ಬಿಳಿಜೋಳಗಳನ್ನು ನಂಬಿ ಬದುಕುವ ಸೀಮೆ. ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳು ಗೋವೆಗೋ, ಮಂಗಳೂರಿಗೋ, ಬೆಂಗಳೂರಿಗೋ ಹೋಗುವುದು ಇಲ್ಲಿ ಹೊಸದಲ್ಲ.

ಆ ದಿನಗಳಲ್ಲಿ ನಮ್ಮ ಮನೆಯು ಹೇಗಿತ್ತೆಂಬುದನ್ನು ಹೇಳುತ್ತೇನೆ. ನಿಮ್ಮ ಮನೆಗಳೂ ಬಹಳ ಬೇರೆಯಾಗಿರಲಿಕ್ಕಿಲ್ಲ. ತಲಬಾಗಿಲಿನ ಕಟ್ಟೆಯ ಮೇಲೆ ಒಂದು ಬಕೀಟು. ಅದರೊಳಗೆ ನೀರು ಮತ್ತು ಬ್ಲೀಚಿಂಗ್ ಪುಡಿ. ಕಿರಾಣಿ ಅಂಗಡಿಯಿಂದ ಬಂದ ಬೇಳೆಯ ಪೊಟ್ಟಣವನ್ನು ಅದರಲ್ಲಿ ಅದ್ದಬೇಕು. ಅಪ್ಪನ ಮೊಬೈಲನ್ನು ಅದರಲ್ಲಿ ನೆನೆಸಿದ ಅರಿವೆಯಿಂದ ಒರೆಸಬೇಕು. ನೋಟುಗಳನ್ನೂ ಬಿಡಲಿಲ್ಲ. ಗಾಂಧೀಜಿಯವರ ಮುಖವು ತೊಳೆತೊಳೆದು ಬಿಳುಚಿಕೊಂಡ ನೋಟೊಂದು ಇನ್ನೂ ನಮ್ಮ ಮನೆಯಲ್ಲಿದೆ. ಒಂದು ದಿನ ಬದನೆಕಾಯಿಯ ಪಲ್ಯವು ಬಚ್ಚಲಿನ ವಾಸನೆ ಹೊಡೆಯಿತು. ಆಯಿ, ಎಂದರೆ ನನ್ನ ತಂದೆಯ ತಾಯಿ, ತುತ್ತನ್ನು ಬಾಯಿಯಿಂದ ತೆಗೆದು, "ರೋಗ ಬಂದ್ ಸಾಯೂದಕಿಂತ ಮೊದಲ ಇದನ್ನ ತಿಂದ್ ಸಾಯತೀವಿ ನೋಡ್ರಿ" ಎಂದಳು. ನಾವೆಲ್ಲ ನಕ್ಕೆವು. ಬಕೀಟಿಗೆ ಪುಡಿ ಹಾಕುವ ಕೆಲಸವು ನನ್ನದಾಗಿತ್ತು. ಎಷ್ಟು ಹಾಕಬೇಕೆಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ಹಿಡಿ ಹಾಕುತ್ತಿದ್ದೆನು. ಹೆಚ್ಚು ಭಯವಾದ ದಿನ ನಾಲ್ಕು.

ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅವ್ವ ಬಚ್ಚಲಿನ ಕಲೆ ತೆಗೆಯುವ ಆಮ್ಲದ ದ್ರಾವಣವನ್ನು ಸುರಿದು, ಇನ್ನಷ್ಟು ಶುದ್ಧವಾಗಲೆಂದು ಅದರ ಮೇಲೆ ಪುಡಿಯನ್ನೂ ಉದುರಿಸಿದಳು. ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತಿನಲ್ಲಿ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು ಪಡಸಾಲೆಯಲ್ಲಿ ಕುಸಿದು ಕುಳಿತಳು. ಎರಡು ದಿನ ಎದೆಯುರಿ, ಕೆಮ್ಮು. ಕೆಮ್ಮು ಕಂಡರೆ ನೆರೆಯವರು ಏನೆಂದಾರೋ ಎಂದು ದವಾಖಾನೆಗೆ ಹೋಗಲೂ ಹೆದರಿದೆವು. ಅಂದು ಬಚ್ಚಲಿನಲ್ಲಿ ಹುಟ್ಟಿದ್ದು ಕ್ಲೋರಿನ್ ಅನಿಲವೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಈಪ್ರ್ ರಣಾಂಗಣದಲ್ಲಿ ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಹರಿಯಬಿಟ್ಟದ್ದು ಇದೇ ಅನಿಲ. ಇತಿಹಾಸದ ತರಗತಿಯಲ್ಲಿ ಮೊದಲ ಮಹಾಯುದ್ಧದ ಪಾಠ ನಡೆದಾಗ ನನ್ನ ಕಣ್ಣೆದುರಿಗೆ ಬಂದದ್ದು ರಣಾಂಗಣವಲ್ಲ, ನಮ್ಮ ಮನೆಯ ಬಚ್ಚಲು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮೇ ತಿಂಗಳ ಕೊನೆಗೆ ನಮ್ಮ ಕಾಕಾ ಗೋವೆಯಿಂದ ಬಂದರು. ಅಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದರು. ಕೆಲಸ ನಿಂತು, ಕೂಡಿಟ್ಟದ್ದು ಕರಗಿ, ಬಸ್ಸು ಬಿಟ್ಟ ಮೇಲೆ ಊರ ದಾರಿ ಹಿಡಿದಿದ್ದರು. ನಿಯಮದಂತೆ ಹದಿನಾಲ್ಕು ದಿನ ಶಾಲೆಯ ಕೋಣೆಯಲ್ಲಿ ಕಳೆದು, ಜ್ವರವಿಲ್ಲ, ಕೆಮ್ಮಿಲ್ಲ ಎನಿಸಿಕೊಂಡು ಮನೆಯ ಹೊಸ್ತಿಲಿಗೆ ಬಂದು ನಿಂತರು. ಅಪ್ಪ ಒಳಗಿನಿಂದಲೇ, "ಅಲ್ಲೇ ನಿಲ್ಲು" ಎಂದರು. ಹೊಲಕ್ಕೆ ಎಣ್ಣೆ ಹೊಡೆಯುವ ಪಂಪನ್ನು ಬೆನ್ನಿಗೇರಿಸಿಕೊಂಡು, ತಮ್ಮನನ್ನು ತಲೆಯಿಂದ ಕಾಲಿನವರೆಗೆ ತೋಯಿಸಿದರು. ವರ್ಷವೆಲ್ಲ ಹತ್ತಿಗೂ ಕಡಲೆಗೂ ವಿಷ ಸಿಂಪಡಿಸಿದ ಪಂಪು ಅದು. ಅದಕ್ಕೆ ನೀರು ತುಂಬಿ, ಪುಡಿ ಹಾಕಿ ಕೊಟ್ಟವಳು ನಾನು. ಅಂದು ನಾಲ್ಕು ಹಿಡಿ ಹಾಕಿದ್ದೆನು.

ಕಾಕಾ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮುಗಿದ ಮೇಲೆ ಮುಖ ಒರೆಸಿಕೊಂಡು ಒಂದೇ ಮಾತು ಆಡಿದರು: "ಹತ್ತೀಗೆ ಹೊಡದಂಗ ಹೊಡದ್ಯಲ್ಲೋ ಯಣ್ಣಾ."

ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಆಯಿ ಒಳಗಿನಿಂದ, "ಅಂವೇನ್ ಹುಳಾ ಅಲ್ಲೋ, ನಿನ್ನ ಒಡಹುಟ್ಟಿದಾಂವ" ಎಂದು ಕೂಗಿದಳು. ಕಾಕಾನ ಕಣ್ಣುಗಳು ನಾಲ್ಕೈದು ದಿನ ಕೆಂಪಾಗಿದ್ದವು. ಕುತ್ತಿಗೆಯ ಸುತ್ತ ಚರ್ಮ ಸುಲಿಯಿತು. ಅವರು ಯಾರನ್ನೂ ದೂರಲಿಲ್ಲ. ಮಳೆಗಾಲ ಮುಗಿದೊಡನೆ ಮರಳಿ ಗೋವೆಗೆ ಹೋದರು. ಎರಡು ವರ್ಷ ಪಂಚಮಿಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ.

ನನ್ನ ತಂದೆ ಕ್ರೂರರಲ್ಲ. ತಮ್ಮನ ಓದಿಗೆಂದು ತಮ್ಮ ಓದನ್ನು ಬಿಟ್ಟವರು. ಅಂಥವರ ಕೈಯಿಂದ ಇಂಥ ಕೆಲಸವನ್ನು ಮಾಡಿಸಿದ್ದು ಯಾವುದು? ನನ್ನ ಮಟ್ಟಿಗೆ ಇದಕ್ಕೆ ಮೂರು ಕಾರಣಗಳು ಕಾಣುತ್ತವೆ.

ಮೊದಲನೆಯದು ನಮ್ಮ ಮಾತಿನಲ್ಲಿಯೇ ಇದೆ. ನಾವು ವೈದ್ಯರು ಕೊಡುವುದಕ್ಕೂ ಔಷಧಿ ಎನ್ನುತ್ತೇವೆ, ಹೊಲಕ್ಕೆ ಹೊಡೆಯುವುದಕ್ಕೂ ಔಷಧಿ ಎನ್ನುತ್ತೇವೆ. ಸಾಲಕ್ಕಂಜಿ ಜೀವ ಕಳೆದುಕೊಂಡ ರೈತನು "ಔಷಧಿ ಕುಡಿದ" ಎನ್ನುತ್ತೇವೆ. 2020ರಲ್ಲಿ ಓಣಿಗಳಿಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದಾಗಲೂ "ಔಷಧಿ ಹೊಡೆದರು" ಎಂದೆವು. ಒಂದೇ ಶಬ್ದದ ಅಡಿಯಲ್ಲಿ ಬದುಕಿಸುವುದೂ ಕೊಲ್ಲುವುದೂ ಕೂಡಿಕೊಂಡವು. ಔಷಧಿಯೆಂದ ಮೇಲೆ ಮೈಮೇಲೆ ಬಿದ್ದರೆ ಒಳ್ಳೆಯದೇ ಅಲ್ಲವೆ? ಹೆಚ್ಚು ಬಿದ್ದಷ್ಟೂ ಹೆಚ್ಚು ಒಳ್ಳೆಯದಲ್ಲವೆ? ಅಪ್ಪ ತಮ್ಮನ ಮೇಲೆ ವಿಷ ಸುರಿದೆನೆಂದು ತಿಳಿಯಲಿಲ್ಲ, ಔಷಧಿ ಹೊಡೆದೆನೆಂದೇ ತಿಳಿದರು. ಸೋಂಕುನಿವಾರಕವೆಂಬ ಶಬ್ದವು ನಮ್ಮ ಪುಸ್ತಕಗಳಲ್ಲಿದೆ, ಬಚ್ಚಲಿನವರೆಗೆ ಇನ್ನೂ ಬಂದಿಲ್ಲ.

ಎರಡನೆಯದು, ರೋಗವು ಎಲ್ಲಿದೆಯೆಂಬ ತಪ್ಪು ತಿಳಿವಳಿಕೆ. ಇದರಲ್ಲಿ ಹಳ್ಳಿಗರನ್ನೇ ದೂಷಿಸುವುದು ನ್ಯಾಯವಲ್ಲ. ಆ ವೈರಾಣುವು ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ 72 ಗಂಟೆಗಳವರೆಗೂ, ರಟ್ಟಿನ ಮೇಲೆ 24 ಗಂಟೆಗಳವರೆಗೂ ಉಳಿಯಬಲ್ಲದೆಂದು 2020ರ ಮಾರ್ಚ್‌ನಲ್ಲಿ ಪ್ರಯೋಗಶಾಲೆಯಿಂದ ಸುದ್ದಿ ಬಂತು. ಅದು ಸುಳ್ಳಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಉಳಿಯುವುದು ಬೇರೆ, ಬೇಳೆಯ ಪೊಟ್ಟಣದಿಂದ ಮನುಷ್ಯನ ಎದೆಗೆ ಇಳಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲಿಗೆ ಈ ಬೇನೆಯು ಗಾಳಿಯಲ್ಲಿ ತೇಲಿ ಹರಡುವಂಥದಲ್ಲವೆಂದು ಹೇಳಿತ್ತು. ಮುಂದೆ ತನ್ನ ಮಾತನ್ನು ತಿದ್ದಿಕೊಂಡಿತು. ಅಮೇರಿಕೆಯ ರೋಗ ನಿಯಂತ್ರಣ ಕೇಂದ್ರವು 2021ರ ಏಪ್ರಿಲ್‌ನಲ್ಲಿ, ಸೋಂಕಿರುವ ವಸ್ತುವೊಂದನ್ನು ಮುಟ್ಟಿದ್ದರಿಂದ ಬೇನೆ ತಗಲುವ ಸಂಭವವು ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆಯೆಂದು ತಿಳಿಸಿತು. ಮುಖ್ಯ ಹಾದಿಯು ಉಸಿರು. ಮುಚ್ಚಿದ ಕೋಣೆ, ಗುಂಪು, ಹತ್ತಿರದ ಮಾತು. ಹಾಗಾದರೆ ನಾವು ಮಾಡಿದ್ದೇನು? ಪೊಟ್ಟಣವನ್ನು ತೊಳೆದೆವು, ಕಿಟಕಿಯನ್ನು ಮುಚ್ಚಿದೆವು. ಕಳ್ಳನು ಹಿತ್ತಿಲಿನಿಂದ ಬರುತ್ತಿದ್ದಾಗ ತಲಬಾಗಿಲಿಗೆ ಎರಡು ಕೀಲಿ ಜಡಿದು ಕುಳಿತೆವು.

ಇನ್ನು ಮನುಷ್ಯನ ಮೈಮೇಲೆ ಸಿಂಪಡಿಸುವುದಕ್ಕಂತೂ ಯಾವ ಆಧಾರವೂ ಇರಲಿಲ್ಲ. ವೈರಾಣು ಇದ್ದರೆ ಅದು ಮೂಗು, ಗಂಟಲು, ಶ್ವಾಸಕೋಶಗಳೊಳಗೆ ಇರುತ್ತದೆ. ಅಂಗಿಯನ್ನು ತೋಯಿಸಿದರೆ ಒಳಗಿನದು ಸಾಯುವುದಿಲ್ಲ. ಕಣ್ಣು, ಚರ್ಮ, ಉಸಿರಿನ ಕೊಳವೆಗಳಿಗೆ ಕೇಡಾಗುತ್ತದೆ, ಅಷ್ಟೆ. 2020ರ ಮಾರ್ಚ್ ಕೊನೆಗೆ ಉತ್ತರ ಪ್ರದೇಶದ ಬರೇಲಿಯಲ್ಲಿ, ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕುಳ್ಳಿರಿಸಿ ಅವರ ಮೇಲೆ ಇಂಥ ದ್ರಾವಣವನ್ನು ಸಿಂಪಡಿಸಿದ ಚಿತ್ರವು ದೇಶವನ್ನೆಲ್ಲ ಸುತ್ತಿತು. ಏಪ್ರಿಲ್ ಆರಂಭದಲ್ಲಿ ತಮಿಳುನಾಡಿನ ತಿರುಪ್ಪೂರಿನ ಸಂತೆಯ ಬಾಗಿಲಲ್ಲಿ ಸಿಂಪಡಣೆಯ ಸುರಂಗವು ಎದ್ದಿತು. ಅದನ್ನು ನೋಡಿ ಬೇರೆ ಊರುಗಳಲ್ಲಿಯೂ ಎದ್ದವು. ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಮಂತ್ರಾಲಯವು, ಮನುಷ್ಯರ ಮೇಲೆ ಸೋಂಕುನಿವಾರಕ ಸಿಂಪಡಿಸುವುದು ಹಾನಿಕರ, ಮಾಡಕೂಡದು ಎಂದು ಸಲಹೆ ಹೊರಡಿಸಿತು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳಿತು. ನವೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ಈ ಸುರಂಗಗಳ ವಿಷಯವಾಗಿ ಒಂದು ತಿಂಗಳೊಳಗೆ ಆಜ್ಞೆ ಹೊರಡಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು.

ತಾರೀಖುಗಳನ್ನು ಗಮನಿಸಿರಿ. ಏಪ್ರಿಲ್ 18ಕ್ಕೆ ಸಲಹೆ ಹೊರಟಿತು. ನಮ್ಮ ಕಾಕಾ ಬಂದದ್ದು ಮೇ ಕೊನೆಗೆ. ದಿಲ್ಲಿಯಿಂದ ಹೊರಟ ಒಂದು ವಾಕ್ಯವು ಐದಾರು ವಾರಗಳಾದರೂ ನಮ್ಮ ಹೊಸ್ತಿಲನ್ನು ಮುಟ್ಟಲಿಲ್ಲ. ಪಂಪು ಮಾತ್ರ ಮುಟ್ಟಿತ್ತು. ಸಿಂಪಡಿಸುವ ಚಿತ್ರವನ್ನು ನಮ್ಮ ಮನೆಯ ಟಿ.ವಿ.ಯಲ್ಲಿ ದಿನಾಲು ನೋಡಿದೆವು. ಸಿಂಪಡಿಸಬೇಡಿರೆಂಬ ಮಾತು ಬಂದಿದ್ದರೆ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮೂರನೆಯ ಕಾರಣವು ಎಲ್ಲಕ್ಕಿಂತ ಆಳವಾದದ್ದು. ಅದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ನಮ್ಮ ಸಮಾಜಕ್ಕೆ ಮಡಿ-ಮೈಲಿಗೆಗಳ ಅಭ್ಯಾಸವು ಹಳೆಯದು. ಯಾರನ್ನು ಹೊರಗೆ ನಿಲ್ಲಿಸಬೇಕು, ಯಾರ ಮೇಲೆ ನೀರು ಚಿಮುಕಿಸಿ ಒಳಗೆ ಕರೆದುಕೊಳ್ಳಬೇಕು ಎಂಬ ಲೆಕ್ಕವು ನಮ್ಮ ರಕ್ತದಲ್ಲಿ ಉಳಿದಿದೆ. ಶರಣರು ಹುಟ್ಟಿದ ನಾಡಿನಲ್ಲಿಯೂ ಅದು ಪೂರ್ತಿ ಅಳಿದಿಲ್ಲ. ಬೇನೆಯು ಬಂದಾಗ ಆ ಹಳೆಯ ಲೆಕ್ಕವೇ ವಿಜ್ಞಾನದ ವೇಷ ಹಾಕಿಕೊಂಡು ಬಂದಿತು. ಗೋಮೂತ್ರ, ತೀರ್ಥಗಳ ಜಾಗದಲ್ಲಿ ಹೈಪೋಕ್ಲೋರೈಟ್ ಬಂದಿತು. ಕೈಯಲ್ಲಿ ಪಂಪು ಹಿಡಿದವನು ಶುದ್ಧ, ಎದುರಿಗೆ ನಿಂತವನು ಅಶುದ್ಧ. ನೋಡಿರಿ, ಕಾರಿನಲ್ಲಿ ಬಂದವರ ಮೇಲೆ ಯಾರೂ ಪಂಪು ಹೊಡೆಯಲಿಲ್ಲ. ಗಂಟು ಹೊತ್ತು ನಡೆದು ಬಂದವರ ಮೇಲೆಯೇ ಹೊಡೆದರು.

ಇಲ್ಲಿ ನಮ್ಮ ಅಧ್ಯಾಪಕರಲ್ಲಿ ಯಾರಾದರೂ ಆಕ್ಷೇಪವೆತ್ತಬಹುದು: "ಅಂದು ಯಾರಿಗೂ ಏನೂ ತಿಳಿದಿರಲಿಲ್ಲ. ತಿಳಿಯದಿದ್ದಾಗ ಎಚ್ಚರವು ಸ್ವಲ್ಪ ಹೆಚ್ಚಾದರೆ ತಪ್ಪೇನು? ಜನರಿಗೆ ಧೈರ್ಯವಾದರೂ ಬಂದಿತಲ್ಲ." ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸಾವು ಬಾಗಿಲಲ್ಲಿದ್ದಾಗ ಸಿಕ್ಕ ಬಡಿಗೆಯನ್ನೇ ಎತ್ತಿಕೊಳ್ಳುವುದು ಸಹಜ. ತಿಳಿಯದಿರುವುದು ಅಪರಾಧವೂ ಅಲ್ಲ. ಆದರೆ ಸುಳ್ಳು ಧೈರ್ಯಕ್ಕೆ ಬೆಲೆಯುಂಟು. ಬಕೀಟು ಇದೆಯಲ್ಲ ಎಂದು ಮುಖಗವಸಿಲ್ಲದೆ ಮದುವೆಯ ಮನೆಗಳಲ್ಲಿ ಕೂಡಿದೆವು. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಎರಡನೆಯ ಅಲೆಯು ಬಂದಾಗ ಬಕೀಟುಗಳು ಕಟ್ಟೆಯ ಮೇಲೆಯೇ ಇದ್ದವು. ಜನರು ಉಸಿರಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು.

ಈ ತಪ್ಪನ್ನು ಮಾಡಿದವರು ನಾವು ಮೊದಲಿಗರಲ್ಲ, ನಾವು ಮಾತ್ರವೂ ಅಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಸರ್ಕಾರದ ಸಿಬ್ಬಂದಿಯು ಮನೆಗಳಿಗೆ ನುಗ್ಗಿ ಸಾಮಾನುಗಳನ್ನು ಬೀದಿಗೆ ಹಾಕಿ, ಗೋಡೆಗಳನ್ನು ಕಾರ್ಬಾಲಿಕ್ ಆಮ್ಲದಿಂದಲೂ ಪಾದರಸದ ವಿಷದ್ರಾವಣದಿಂದಲೂ ತೊಳೆಯಿತು. ಜನರಿಗೆ ರೋಗಕ್ಕಿಂತ ತೊಳೆಯುವವರ ಭಯವೇ ಹೆಚ್ಚಾಯಿತು. ಪ್ಲೇಗು ಮಾತ್ರ ನಿಲ್ಲಲಿಲ್ಲ. ಅದು 1898ರ ಹೊತ್ತಿಗೆ ನಮ್ಮ ಹುಬ್ಬಳ್ಳಿ-ಧಾರವಾಡಗಳನ್ನು ಹೊಕ್ಕಿತು. ಅದೇ 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು, ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ತರುವುದು ಚಿಗಟವೆಂದು ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡನು. ಮೊದಮೊದಲು ಯಾರೂ ಅವನನ್ನು ನಂಬಲಿಲ್ಲ. ಗೋಡೆಯನ್ನು ತೊಳೆಯುತ್ತ ಹೋದರೆ ಇಲಿಯ ಮೈಮೇಲಿನ ಚಿಗಟಕ್ಕೆ ಏನಾಗಬೇಕು? ನಮ್ಮ ಸೀಮೆಯ ಓದುಬರಹವಿಲ್ಲದ ಹಿರಿಯರು "ಇಲಿ ಬಿದ್ದಾವ" ಎಂದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ಆಯಿ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಾಳೆ. ಕಾರಣ ತಿಳಿಯದೆ ಮಾಡಿದರೂ ಅವರು ಮಾಡಿದ್ದು ಸರಿಯಾಗಿತ್ತು. ಇಲಿಯಿಂದ ದೂರ ಸರಿದರೆ ಚಿಗಟದಿಂದಲೂ ದೂರ. ಇನ್ನೊಂದು ರಕ್ಷಣೆಯು ಹಾಫ್ಕಿನ್ ಎಂಬ ವಿಜ್ಞಾನಿಯ ಲಸಿಕೆಯಿಂದ ಬಂದಿತು. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಅದನ್ನು ಆತನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮುಂದೆ 1898ರಲ್ಲಿ ಹುಬ್ಬಳ್ಳಿಯ ಜನರಿಗೂ ಆ ಲಸಿಕೆಯನ್ನು ಹಾಕಲಾಯಿತು.

ಸಿರಿವಂತ ದೇಶಗಳವರು ಹೆಚ್ಚು ಬುದ್ಧಿವಂತರೆಂದು ತಿಳಿಯಬೇಕಾಗಿಲ್ಲ. ಅಮೇರಿಕೆಯ ವಿಷಚಿಕಿತ್ಸಾ ಕೇಂದ್ರಗಳಿಗೆ 2020ರ ಮೊದಲ ಮೂರು ತಿಂಗಳುಗಳಲ್ಲಿ ಮನೆಯ ಶುಚಿಕಾರಕ, ಸೋಂಕುನಿವಾರಕಗಳಿಂದಾದ ಅನಾಹುತಗಳ ಕುರಿತು 45,550 ಕರೆಗಳು ಬಂದವು. ಹಿಂದಿನ ವರ್ಷದ ಅದೇ ಅವಧಿಗಿಂತ ಇದು ನೂರಕ್ಕೆ 20ರಷ್ಟು ಹೆಚ್ಚು. ಆ ಮೇ ತಿಂಗಳಲ್ಲಿ ಅಲ್ಲಿ 502 ಮಂದಿ ವಯಸ್ಕರನ್ನು ವಿಚಾರಿಸಿದಾಗ ನೂರಕ್ಕೆ 39 ಮಂದಿ ಏನಾದರೊಂದು ಅಪಾಯದ ಕೆಲಸವನ್ನು ಮಾಡಿದ್ದರು. ತರಕಾರಿಯನ್ನು ಬ್ಲೀಚಿನಿಂದ ತೊಳೆದವರು 19, ಮನೆ ತೊಳೆಯುವ ದ್ರಾವಣವನ್ನು ಮೈಗೆ ಹಚ್ಚಿಕೊಂಡವರು 18, ಬ್ಲೀಚ್ ಬೆರೆಸಿದ ನೀರನ್ನು ಕುಡಿದವರು ಅಥವಾ ಬಾಯಿ ಮುಕ್ಕಳಿಸಿದವರು 4. ಇದನ್ನು ಓದಿದಾಗ ನಮ್ಮ ಬದನೆಕಾಯಿ ಪಲ್ಯವು ನೆನಪಾಗಿ ನಗೆಯೂ ಬಂತು, ನಾಚಿಕೆಯೂ ಆಯಿತು. ಭಯಕ್ಕೆ ದೇಶಭೇದವಿಲ್ಲ.

ಹಾಗೆಂದು ಸೋಂಕುನಿವಾರಕವನ್ನೇ ಮನೆಯಿಂದ ಹೊರಗೆ ಹಾಕಬೇಕೆ? ಸರ್ವಥಾ ಅಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯನು, ಶವ ಮುಟ್ಟಿ ಬಂದ ವೈದ್ಯರು ಹೆರಿಗೆ ಮಾಡಿಸುವ ಮುನ್ನ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟು ಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸಾಯುತ್ತಿದ್ದ ಕಡೆ ಜೂನ್ ಹೊತ್ತಿಗೆ ಸಾವು ನೂರಕ್ಕೆ 2ಕ್ಕೆ ಇಳಿಯಿತು. ನಮ್ಮ ಬಕೀಟಿನಲ್ಲಿದ್ದ ಪುಡಿಯೂ ಅದೇ ಜಾತಿಯದು. ಅಲ್ಲಿ ಅದು ತಾಯಂದಿರನ್ನು ಬದುಕಿಸಿತು, ನಮ್ಮಲ್ಲಿ ತಾಯಿಯ ಎದೆಯನ್ನು ಸುಟ್ಟಿತು. ಅಂತರವು ವಸ್ತುವಿನಲ್ಲಿಲ್ಲ. ರೋಗವು ಎಲ್ಲಿದೆಯೆಂದು ಆತನು ಮೊದಲು ಹುಡುಕಿದನು, ಆಮೇಲೆ ಅಲ್ಲಿಗೆ ಮಾತ್ರ ಅದನ್ನು ಬಳಸಿದನು. ನಾವು ಹುಡುಕಲೇ ಇಲ್ಲ.

ಇದರಲ್ಲಿ ಸೋಜಿಗದ ಮಾತೊಂದಿದೆ. ಅಳತೆಯೆಂಬುದು ನಮ್ಮ ರೈತನಿಗೆ ಹೊಸದಲ್ಲ. ನಮ್ಮ ಅಪ್ಪ ಹತ್ತಿಗೆ ಎಣ್ಣೆ ಹೊಡೆಯುವಾಗ ಹದಿನಾರು ಲೀಟರಿನ ಪಂಪಿಗೆ ಇಷ್ಟೇ ಮುಚ್ಚಳವೆಂದು ಎಣಿಸಿ ಹಾಕುತ್ತಾರೆ. ಹೆಚ್ಚಾದರೆ ಬೆಳೆ ಸುಡುತ್ತದೆಂದು ಅವರಿಗೆ ಗೊತ್ತು. ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿಯೇ ಸಾಲು ಹಿಡಿಯುತ್ತಾರೆ. ಬೆಳೆಗೆ ಇಷ್ಟು ಎಚ್ಚರ ವಹಿಸುವ ಕೈಯು ಮನುಷ್ಯನ ವಿಷಯದಲ್ಲಿ ಅಳತೆಯನ್ನು ಮರೆತದ್ದು ಹೇಗೆ? ಉತ್ತಮ ಬ್ಲೀಚಿಂಗ್ ಪುಡಿಯು ಸುಮಾರು ಎರಡೂವರೆ ಗ್ರಾಮಿನಷ್ಟಿದ್ದರೆ ಸಾವಿರ ಲೀಟರ್ ಕುಡಿಯುವ ನೀರನ್ನು ಶುದ್ಧ ಮಾಡುತ್ತದೆ. ನನ್ನ ನಾಲ್ಕು ಹಿಡಿ ನೂರು ಗ್ರಾಮಿಗಂತೂ ಕಡಿಮೆಯಿರಲಿಕ್ಕಿಲ್ಲ. ನಲವತ್ತು ಸಾವಿರ ಲೀಟರಿಗೆ ಸಾಲುವ ಪುಡಿಯನ್ನು ನಾನು ಒಂದು ಪಂಪಿಗೆ ಹಾಕಿ, ಒಬ್ಬ ಮನುಷ್ಯನ ಮೈಮೇಲೆ ಹೊಡೆಯಲು ಕೊಟ್ಟೆನು.

ಆದುದರಿಂದ ತಿಳಿದುಕೊಳ್ಳಬೇಕಾದದ್ದು ಬಹಳವೇನೂ ಇಲ್ಲ. ಕೈಗೆ ಸಾಬೂನು ಮತ್ತು ನೀರು ಸಾಕು. ಆ ವೈರಾಣುವಿನ ಹೊರಪದರವು ಕೊಬ್ಬಿನದಾದ್ದರಿಂದ ಸಾಬೂನು ಅದನ್ನು ಒಡೆದು ಹಾಕುತ್ತದೆ. ತರಕಾರಿಗೆ ಹರಿಯುವ ನೀರು ಸಾಕು. ರೋಗಿಯಿರುವ ಮನೆಯಲ್ಲಿ ನೆಲ, ಬಾಗಿಲ ಚಿಲಕಗಳನ್ನು ಒರೆಸುವುದಾದರೆ, ನೂರಕ್ಕೆ 5ರಷ್ಟು ಸತ್ವವುಳ್ಳ ಹೈಪೋಕ್ಲೋರೈಟ್ ದ್ರಾವಣವು 200 ಮಿಲಿಲೀಟರ್, ನೀರು ಕೂಡಿ ಹತ್ತು ಲೀಟರ್ ಆಗಬೇಕು. ತಣ್ಣೀರನ್ನೇ ಬಳಸಬೇಕು, ದಿನದ್ದನ್ನು ದಿನವೇ ಕಲೆಸಬೇಕು, ಇಟ್ಟಷ್ಟೂ ಸತ್ವ ಹೋಗುತ್ತದೆ. ಮೊದಲು ಕಸ, ಜಿಡ್ಡುಗಳನ್ನು ತೊಳೆದು ಆಮೇಲೆ ಒರೆಸಬೇಕು. ಕೈಗೆ ಚೀಲ ಹಾಕಿಕೊಂಡು ಕಿಟಕಿ ತೆರೆದಿಡಬೇಕು. ಆಮ್ಲದೊಡನೆಯಾಗಲಿ, ಅಮೋನಿಯಾ ಇರುವ ಯಾವ ದ್ರಾವಣದೊಡನೆಯಾಗಲಿ ಅದನ್ನು ಎಂದಿಗೂ ಬೆರೆಸಬಾರದು. ತಂಪುಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಡಬಾರದು, ಮಕ್ಕಳಿಗೆ ಆ ಭೇದ ತಿಳಿಯದು. ಮನುಷ್ಯರ ಮೇಲೆ, ದನಕರುಗಳ ಮೇಲೆ ಸಿಂಪಡಿಸಬಾರದು. ಇಷ್ಟನ್ನು ಒಂದು ಪೋಸ್ಟ್ ಕಾರ್ಡಿನ ಮೇಲೆ ಬರೆಯಬಹುದು.

ಬರೆಯುವವರು ಯಾರು? ಇಲ್ಲಿಯೇ ನಮ್ಮ ಕರ್ತವ್ಯವು ಬರುತ್ತದೆ. ಶೀಸೆಯ ಮೇಲಿನ ಎಚ್ಚರಿಕೆಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸೂಜಿಯ ಮೊನೆಯಿಂದ ಕೊರೆದಂಥ ಅಕ್ಷರಗಳಲ್ಲಿ ಇರುತ್ತದೆ. ಅದನ್ನು ಬಳಸುವ ನಮ್ಮ ತಾಯಂದಿರಿಗೆ ಆ ಭಾಷೆ ಬಾರದು, ಆ ಅಕ್ಷರ ಕಾಣದು. ಕನ್ನಡ ಓದುವ ವಿದ್ಯಾರ್ಥಿಗಳು ನಾವು ರಾಜ್ಯೋತ್ಸವದ ದಿನ ಭಾಷಾಭಿಮಾನದ ಭಾಷಣ ಮಾಡುತ್ತೇವೆ. ಬಚ್ಚಲಿನ ಶೀಸೆಯ ಮೇಲೆ ಕನ್ನಡವಿಲ್ಲದಿರುವುದು ನಮಗೆ ಕಾಣುವುದಿಲ್ಲ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರಿಗೆ ನನ್ನದೊಂದು ಬಿನ್ನಹವಿದೆ. ಈ ವರ್ಷದ ಶಿಬಿರದಲ್ಲಿ ಕಸ ಗುಡಿಸುವುದರ ಜೊತೆಗೆ ಮನೆಮನೆಗೆ ಹೋಗಿ, ಅಲ್ಲಿರುವ ಶೀಸೆಯನ್ನು ಕೈಗೆತ್ತಿಕೊಂಡು, ಅದರ ಮೇಲಿನದನ್ನು ಮನೆಯ ಹೆಣ್ಣುಮಕ್ಕಳಿಗೆ ಅವರ ಮಾತಿನಲ್ಲಿಯೇ ಓದಿ ಹೇಳೋಣ. ಅಳತೆಯನ್ನು ಬಚ್ಚಲಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಬರೋಣ. "ಔಷಧಿ" ಎಂದು ಬರೆಯದೆ "ವಿಷ, ಅಳತೆಯಿಂದ ಬಳಸಿರಿ" ಎಂದು ಬರೆಯೋಣ. ನಾನು ನಮ್ಮ ಮನೆಯಲ್ಲಿ ಬರೆದಿದ್ದೇನೆ. ಅವ್ವ ಅದರ ಕೆಳಗೆ ಒಂದು ಅಳತೆಯ ಲೋಟವನ್ನು ಮೊಳೆಗೆ ತೂಗುಹಾಕಿದ್ದಾಳೆ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ತುರ್ತು ಪರಿಸ್ಥಿತಿಯು ಮುಗಿಯಿತೆಂದು ಸಾರಿತು. ಹಾಗಾದರೆ ಮುಗಿದ ಮಾತನ್ನು ಈಗೇಕೆ ಎತ್ತಬೇಕೆಂದು ಕೆಲವರು ಕೇಳಿಯಾರು. ಪ್ಲೇಗು ಬಂತು, ಹೋಯಿತು. ಕಾಲರಾ ಬಂತು, ಹೋಯಿತು. ಇನ್ನೊಂದು ಬರುವುದಿಲ್ಲವೆಂದು ಯಾರೂ ಹೇಳಲಾರರು. ಬಂದಾಗ ಬಕೀಟು ಮತ್ತೆ ಕಟ್ಟೆಗೆ ಬರುತ್ತದೆ. ಅದರ ಪಕ್ಕದಲ್ಲಿ ಅಳತೆಯೂ ಬರಬೇಕಾದರೆ ಬೇನೆಯಿಲ್ಲದ ಈ ದಿನಗಳಲ್ಲಿಯೇ ಕಲಿಯಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಆಗದು.

ನಮ್ಮ ಕಾಕಾ 2022ರ ಪಂಚಮಿಗೆ ಊರಿಗೆ ಬಂದರು. ಅಣ್ಣತಮ್ಮಂದಿರು ಒಟ್ಟಿಗೆ ಉಂಡರು, ಹಳೆಯದನ್ನು ಯಾರೂ ಎತ್ತಲಿಲ್ಲ. ಈಗ ವರ್ಷಕ್ಕೆರಡು ಸಲ ಬರುತ್ತಾರೆ. ಆದರೆ ಇಂದಿಗೂ ಹೊಸ್ತಿಲ ಬಳಿ ಬಂದಾಗ ಒಂದು ಗಳಿಗೆ ನಿಂತು, "ಬರ್ಲ್ಯಾ?" ಎಂದು ಕೇಳಿಯೇ ಒಳಗೆ ಕಾಲಿಡುತ್ತಾರೆ. ಮೊದಲು ಹಾಗೆ ಕೇಳುತ್ತಿರಲಿಲ್ಲ. ತಾವು ಹುಟ್ಟಿದ ಮನೆಗೆ ಯಾರಾದರೂ ಅಪ್ಪಣೆ ಕೇಳಿ ಬರುತ್ತಾರೆಯೆ?

ಸಹಪಾಠಿಗಳೇ, ಬಟ್ಟೆಗೆ ತಗಲಿದ ಬ್ಲೀಚಿನ ಕಲೆಯು ಎಷ್ಟು ಒಗೆದರೂ ಹೋಗುವುದಿಲ್ಲವೆಂಬುದು ನಿಮಗೆಲ್ಲ ಗೊತ್ತು. ಮನಸ್ಸಿಗೆ ತಗಲಿದ್ದೂ ಹಾಗೆಯೇ. ಮುಂದಿನ ಸಲ ಬೇನೆಯು ಬಂದಾಗ ನೆಲವನ್ನು ಅಳತೆಯಿಂದ ತೊಳೆಯೋಣ, ಕಿಟಕಿಯನ್ನು ಅಗಲವಾಗಿ ತೆರೆಯೋಣ. ಹೊಸ್ತಿಲಿಗೆ ಬಂದವನಿಗೆ ಒಂದು ತಂಬಿಗೆ ನೀರು, ಒಂದು ತುಂಡು ಸಾಬೂನು ಕೊಟ್ಟು, ದೂರ ಕುಳ್ಳಿರಿಸಿಯಾದರೂ ಸರಿಯೆ, ಊಟಕ್ಕೆ ಬಡಿಸೋಣ.